ಏರಿನಲ್ಲಿ ಎರಡನೇ ಗೇರು

ನನ್ನ ಗಂಡನಿಗೆ ಕಿವಿ ಕೇಳಿಸದಂತಾದ ಮೇಲೆ ಎಲ್ಲರೂ ಅವರನ್ನು ಕಂಡು ಅಯ್ಯೋ ಪಾಪ ಎಂದರು. ನನ್ನನ್ನು ಕಂಡು ಯಾರೂ ಅನ್ನಲಿಲ್ಲ. ಮಾತಿಗೆ ಮಾತು ಕೊಡದಿದ್ದರೆ ತಿಂದದ್ದು ಅರಗದ ಹೆಂಗಸು ನಾನು. ಈಗ ಜಗಳವಾಡಬೇಕೆಂದರೂ ಎದುರಿಗೆ ಹೋಗಿ ನಿಂತು, ತುಟಿ ಕಾಣುವಂತೆ, ನಿಧಾನವಾಗಿ ಆಡಬೇಕು. ಅಷ್ಟು ನಿಧಾನವಾಗಿ ಆಡಿದರೆ ಯಾವ ಜಗಳಕ್ಕೆ ತಾನೇ ಕಾವು ಉಳಿಯುತ್ತದೆ?

ಜ್ವರವೊಂದು ಬಂದು ಕಿವಿ ಹೋಯಿತು. ಅದರ ಹಿಂದೆಯೇ ಅವರ ಲೈಸೆನ್ಸೂ ಹೋಯಿತು. ಉಳಿದದ್ದು ಕಲ್ಲುಕ್ವಾರಿಯಿಂದ ಜಲ್ಲಿ ಸಾಗಿಸುವ ಹಳೇ ಲಾರಿ, ಅರ್ಧ ನಮ್ಮದು, ಅರ್ಧ ಮೈದುನನದು. ಮಾರಿಬಿಡೋಣ ಎಂದ ಮೈದುನ. ನಾನು ಓಡಿಸುತ್ತೇನೆ ಎಂದೆ. ಚಿಕ್ಕ ಸಾಮಾನು ವ್ಯಾನು ಓಡಿಸಿ ಪಳಗಿದವಳು, ಹಟ ಹಿಡಿದು ದೊಡ್ಡ ಗಾಡಿಯ ಲೈಸೆನ್ಸನ್ನೂ ಪಡೆದೆ. ಮೈದುನ ಮೂಗು ಮುರಿಯಲಿಲ್ಲ, ಅಷ್ಟರಮಟ್ಟಿಗೆ ಒಳ್ಳೆಯವನು. ಲೋಡು ತುಂಬಿಕೊಂಡು ಕ್ವಾರಿಯ ಏರು ಹತ್ತಿಸಿ ತೋರಿಸಿದರೆ ಮಾರುವ ಮಾತು ಎತ್ತುವುದಿಲ್ಲ, ಆಗದಿದ್ದರೆ ನಾವು ತಕರಾರು ಮಾಡಬಾರದು ಎಂದ. ಲಾರಿ ಹೋದರೆ ನನ್ನ ಗಂಡ ಮನೆಯ ಮೂಲೆ ಹಿಡಿಯುತ್ತಾರೆ ಎಂಬುದು ನನಗೆ ಗೊತ್ತಿತ್ತು.

ಲೈಸೆನ್ಸ್ ಪರೀಕ್ಷೆಗೆ ಕೊಟ್ಟಿದ್ದ ಹೊಸ ಲಾರಿಯಲ್ಲಿ ಗೇರು ಹೇಳಿದ ಮಾತು ಕೇಳುತ್ತಿತ್ತು. ನಮ್ಮದು ಹಾಗಲ್ಲ. ಏರಿನಲ್ಲಿ ಗೇರು ಇಳಿಸಬೇಕೆಂದರೆ ಒಮ್ಮೆ ಕ್ಲಚ್ ಒತ್ತಿ ನ್ಯೂಟ್ರಲ್ಲಿಗೆ ತರಬೇಕು, ಕ್ಲಚ್ ಬಿಟ್ಟು ಆಕ್ಸಿಲರೇಟರನ್ನು ತುಸು ಒತ್ತಬೇಕು, ಮತ್ತೆ ಕ್ಲಚ್ ಒತ್ತಿ ಕೆಳಗಿನ ಗೇರಿಗೆ ಹಾಕಬೇಕು. ಎಂಜಿನ್ನೂ ಗಾಲಿಯೂ ಒಂದೇ ಲಯಕ್ಕೆ ಬರುವ ಗಳಿಗೆಯೊಂದಿದೆ. ಆಗ ಹಾಕಿದರೆ ಬೀಳುತ್ತದೆ, ತಪ್ಪಿದರೆ ಹಲ್ಲು ಕಡಿದು ಕೈಯನ್ನು ಆಚೆ ತಳ್ಳುತ್ತದೆ. ಡ್ರೈವರುಗಳು ಆ ಗಳಿಗೆಯನ್ನು ಸದ್ದಿನಿಂದ ಗುರುತಿಸುತ್ತಾರೆ. ನಾನೇ ಕಲಿಸುತ್ತೇನೆ ಎಂದು ಇವರು ಅಂದಾಗ, ಕಿವಿಯೇ ಇಲ್ಲದವರು ಅದನ್ನು ಹೇಗೆ ಕಲಿಸಿಯಾರು ಎಂದು ನಾನು ಒಳಗೊಳಗೇ ನಕ್ಕಿದ್ದೆ.

ಖಾಲಿ ಲಾರಿಯಲ್ಲಿ ಕ್ವಾರಿಯ ಅಂಗಳ ಸುತ್ತುವಾಗ ಅವರು ಪಕ್ಕದ ಸೀಟಿನಲ್ಲಿ ಚಪ್ಪಲಿ ಬಿಚ್ಚಿ ಕೂತು, ಅಂಗಾಲನ್ನು ಕಾಲಡಿಯ ತಗಡಿಗೆ ಒತ್ತಿ, ಗೇರಿನ ಮೇಲಿದ್ದ ನನ್ನ ಕೈಮೇಲೆ ತಮ್ಮ ಕೈ ಇಟ್ಟರು. ಕಣ್ಣು ಮುಚ್ಚಿಕೊಂಡರು. "ಈಗ" ಎಂದರು. ಗೇರು ಬಿತ್ತು. ಮತ್ತೆ "ಈಗ". ಮತ್ತೆ ಬಿತ್ತು. ನಾನು ಕಿವಿ ನಿಮಿರಿಸಿ ಹುಡುಕುತ್ತಿದ್ದುದನ್ನು ಅವರ ಅಂಗಾಲು ನನಗಿಂತ ಮೊದಲೇ ಹಿಡಿಯುತ್ತಿತ್ತು. ಇಷ್ಟು ವರ್ಷ ಜೊತೆಗೆ ಬಾಳಿದ ಮನುಷ್ಯನನ್ನು ಅಂದು ಹೊಸದಾಗಿ ನೋಡಿದೆ, ಸ್ವಲ್ಪ ಹೆದರಿಕೊಂಡೇ ನೋಡಿದೆ.

ಲೋಡಿನ ದಿನ ಏರಿನ ತುದಿಯಲ್ಲಿ ಮೈದುನ ಕೈಕಟ್ಟಿ ನಿಂತಿದ್ದ. ಇವರು ಎಂದಿನಂತೆ ಪಕ್ಕದ ಸೀಟಿನಲ್ಲಿ ಬರಿಗಾಲಲ್ಲಿ, ನನ್ನ ಕೈಮೇಲೆ ಕೈ ಇಟ್ಟು ಕೂತಿದ್ದರು. ಖಾಲಿ ಲಾರಿಗೂ ಜಲ್ಲಿ ತುಂಬಿದ ಲಾರಿಗೂ ಅಜಗಜಾಂತರ. ಏರು ಶುರುವಾಗುತ್ತಲೇ ಮೂರನೇ ಗೇರಿನಲ್ಲಿ ಎಂಜಿನ್ ಏದುಸಿರು ಬಿಡತೊಡಗಿತು. ಎರಡಕ್ಕೆ ಇಳಿಸಲು ನ್ಯೂಟ್ರಲ್ಲಿಗೆ ತಂದೆ. ಅಷ್ಟರಲ್ಲಿ ಇವರು, "ಭಾರ ಕೈಗೆ ತಿಳೀತಾ ಇದೆಯಾ?" ಎಂದರು. ನಾನು ರೂಢಿಯಂತೆ ಅವರ ಕಡೆ ಮುಖ ತಿರುಗಿಸಿ, ತುಟಿ ಕಾಣುವಂತೆ, ನಿಧಾನವಾಗಿ, ಹೂಂ, ತಿಳೀತಾ ಇದೆ ಎಂದೆ. ಗಳಿಗೆ ಕೈತಪ್ಪಿತು. ಗೇರು ಕರಕರ ಹಲ್ಲು ಕಡಿದು ಒಳಗೆ ಹೋಗಲೊಲ್ಲದೆ ಉಳಿಯಿತು. ಲಾರಿ ಹಿಂದಕ್ಕೆ ಜಾರತೊಡಗಿತು. ಜೀವ ಕೈಯಲ್ಲಿ ಹಿಡಿದು ಬ್ರೇಕ್ ತುಳಿದೆ, ಹ್ಯಾಂಡ್‌ಬ್ರೇಕ್ ಎಳೆದೆ. ನಿಂತಿತು.

ಮೇಲೆ ಮೈದುನ ಕೈ ಬಿಚ್ಚಿ ಕೆಳಗಿಳಿಯಲು ಹೊರಟಿದ್ದ. ಇವರು ಬೈಯಲಿಲ್ಲ. ತಮ್ಮ ಕೈಯನ್ನು ನನ್ನ ಕೈಮೇಲಿಂದ ತೆಗೆದುಕೊಂಡರು.

"ತಪ್ಪು ನಂದು. ತುದಿ ಮುಟ್ಟೋವರೆಗೂ ನನ್ನ ಕಡೆ ನೋಡಬೇಡ. ನಾನು ಏನೇ ಅಂದ್ರೂ ಉತ್ತರ ಕೊಡಬೇಡ."

ಮದುವೆಯಾದಾಗಿನಿಂದ ನನ್ನ ಬಾಯಿ ಮುಚ್ಚಿಸಲು ಯಾರ ಕೈಲೂ ಆಗಿರಲಿಲ್ಲ. ಅಂದು ಮುಚ್ಚಿದೆ.

ಒಂದನೇ ಗೇರಿನಲ್ಲಿ ತೆವಳುತ್ತ ನಡುವಿನ ತಿರುವಿಗೆ ಬಂದೆ. ಅಲ್ಲಿ ರಸ್ತೆ ಸ್ವಲ್ಪ ಸಮತಟ್ಟು. ಎರಡು, ಮೂರು ಎಂದು ಏರಿಸಿ ಓಟ ಹಿಡಿದೆ. ಮುಂದೆ ಕೊನೆಯ ಏರು, ಗೋಡೆಯಂತೆ ಎದ್ದು ನಿಂತಿತ್ತು. ಎಂಜಿನ್ ಮತ್ತೆ ಏದುಸಿರು ಬಿಟ್ಟಿತು. ಕ್ಲಚ್. ನ್ಯೂಟ್ರಲ್. ಕ್ಲಚ್ ಬಿಟ್ಟು ಆಕ್ಸಿಲರೇಟರ್ ತುಸು ಒತ್ತಿದೆ. ಇವರು "ಈಗ" ಅನ್ನುತ್ತಾರೆ ಎಂದು ಕಾದೆ, ಅನ್ನಲಿಲ್ಲ. ಮತ್ತೆ ಕ್ಲಚ್ ಒತ್ತಿದೆ. ಅಂಗೈಯಲ್ಲಿ ಗೇರು ನಡುಗುತ್ತಿತ್ತು, ನಡುಗುತ್ತಿದ್ದುದು ಒಮ್ಮೆಲೇ ತಣ್ಣಗಾಯಿತು. ಹಿಂದಿನ ಅಷ್ಟೂ ಕಲ್ಲು, ಕೆಳಗಿನ ಗುಡ್ಡ, ಎಂಜಿನ್ನು, ನಾನು, ಎಲ್ಲ ಒಂದೇ ಆದಂತೆ ಅನ್ನಿಸಿತು. ನಾನು ಹಾಕಿದೆ ಎಂದು ಹೇಳಲಾರೆ. ಗೇರು ತಾನಾಗಿಯೇ ಹೋಗಿ ಕೂತಿತು. ಲಾರಿ ಹತ್ತಿತು. ನನ್ನ ಕಣ್ಣು ತುಂಬಿ ಬಂತು, ರಸ್ತೆ ಕಾಣಲೆಂದು ಒರೆಸಿಕೊಂಡೆ.

ತುದಿಯಲ್ಲಿ ನಿಲ್ಲಿಸಿ ಎಂಜಿನ್ ಆರಿಸಿದೆ. ಮೈದುನ ಬಾಗಿಲ ಬಳಿ ಬಂದು, ನಾಳೆಯ ಲೋಡಿಗೆ ಎಷ್ಟು ಹೊತ್ತಿಗೆ ಬರ್ತೀರಿ ಅತ್ತಿಗೆ ಎಂದು ಕೇಳಿ, ಉತ್ತರಕ್ಕೂ ಕಾಯದೆ ಹೊರಟ. ಇವರು ಇನ್ನೂ ಬರಿಗಾಲನ್ನು ತಗಡಿಗೆ ಒತ್ತಿಕೊಂಡೇ ಕೂತಿದ್ದರು.

"ಎರಡನೇ ಗೇರು ಬಿದ್ದಾಗ ಸದ್ದು ಹೇಗಿತ್ತು? ಹೇಳು" ಎಂದರು. ಕಿವಿ ಹೋದ ಮೇಲೆ ಯಾವ ಸದ್ದಿನ ಬಗ್ಗೆಯೂ ಅವರು ಕೇಳಿದವರಲ್ಲ.

ನಾನು ಪೂರ್ತಿ ಅವರ ಕಡೆ ತಿರುಗಿ ಕೂತೆ.

"ಸದ್ದೇ ಬರಲಿಲ್ಲ ರೀ."

ನನ್ನ ತುಟಿಯನ್ನೇ ನೋಡುತ್ತಿದ್ದ ಅವರ ಮುಖ ಅರಳಿತು.

"ಹಾಗಾದ್ರೆ ನಾವಿಬ್ಬರೂ ಕೇಳಿದ್ದು ಒಂದೇ" ಎಂದರು.