ಪರದೆಯ ನೀಲಿ

ಬಟ್ಟೆಯನ್ನ ಕೋಲಿಗೆ ಸುತ್ತಿ ಹಂಡೆಯಿಂದ ಮೇಲೆ ಎತ್ತಿದ ತಕ್ಷಣ ಹುಡುಗಿ ಬೆಳಕಿಗೆ ಹಿಡಿದು ನೋಡಿದಳು. ತೆಳು! ಒದ್ದೆ ಇದ್ದಾಗಲೇ ನೀಲಿ ಇಷ್ಟು ತೆಳುವಾಗಿ ಕಾಣ್ತಿದೆ ಅಂದ್ರೆ ಒಣಗಿದ ಮೇಲೆ ಕೇಳೋದೇ ಬೇಡ.

"ಅತ್ತೇ! ಎಡಗಡೆ ಪರದೆ ತಗೊಂಡು ಬಾ, ಬೇಗ!"

ಅತ್ತೆ ಕೈ ಒರೆಸಿಕೊಳ್ತಾ ಬಂದಳು. ಎಡಗಡೆ ಪರದೆಯ ತುದಿಯನ್ನ ನೀರಲ್ಲಿ ನೆನೆಸಿ ಹೊಸದರ ಪಕ್ಕಕ್ಕೆ ಹಿಡಿದಳು. ಕತ್ತು ಆ ಕಡೆ ವಾಲಿಸಿ ನೋಡಿದಳು, ಈ ಕಡೆ ವಾಲಿಸಿ ನೋಡಿದಳು.

"ಒಂದೇ ಮನೆ ಹುಡುಗೀರೇ ಕಣೇ," ಅಂದಳು. "ಆದ್ರೆ ಅವಳಿ ಅಲ್ಲ. ಅಕ್ಕ-ತಂಗಿ."

ತಮಾಷೆ ಮಾಡೋ ಹೊತ್ತಾ ಇದು? ನಾಟಕ ಮಂದಿರದ ಪರದೆ ಅದು. ಎಡಕ್ಕೊಂದು ಅರ್ಧ, ಬಲಕ್ಕೊಂದು ಅರ್ಧ, ಎರಡೂ ಸರಿದು ಬಂದು ವೇದಿಕೆಯ ನಟ್ಟನಡುವೆ ಸೇರಬೇಕು. ಎಡಗಡೆಯದಕ್ಕೆ ಅಜ್ಜ ತಾನೇ ನಿಂತು ಬಣ್ಣ ಹಾಕಿದ್ದ. ಬಲಗಡೆಯದಕ್ಕೆ ಕೈ ಹಾಕೋ ಮುಂಚೆ ಅವನ ಗಂಟಲಿಗೆ ಆಪರೇಷನ್ ಆಯ್ತು. ಮಂದಿರದ ಮ್ಯಾನೇಜರ್ ಬೆಳಿಗ್ಗೆ ತಾನೇ ಫೋನ್ ಮಾಡಿ, "ಮಧ್ಯದಲ್ಲಿ ಗೆರೆ ಕಂಡ್ರೆ ಜನ ನಾಟಕ ಬಿಟ್ಟು ಪರದೆ ನೋಡ್ತಾರಮ್ಮಾ," ಅಂದಿದ್ದರು. ನಗ್ತಾನೇ ಅಂದಿದ್ದರು, ಆದರೂ ಅಂದಿದ್ದರು.

ಅಜ್ಜ ಮೂಲೆಯ ಕುರ್ಚಿಯಲ್ಲಿ ಕತ್ತಿಗೆ ಉಣ್ಣೆ ಬಟ್ಟೆ ಸುತ್ತಿಕೊಂಡು ಕೂತಿದ್ದ. ಡಾಕ್ಟರು ಮಾತು ಪೂರ್ತಿ ನಿಲ್ಲಿಸಿದ್ದರು. ಪಿಸುಮಾತೂ ಬೇಡ, ಕೆಮ್ಮೋದಿದ್ರೂ ಯೋಚನೆ ಮಾಡಿ ಕೆಮ್ಮಿ ಅಂತ. ಅವನು ಬಟ್ಟೆ ನೋಡಿದ, ಹುಡುಗಿಯನ್ನ ನೋಡಿದ, ಆಮೇಲೆ ಕೈ ಎರಡೂ ಜೋಡಿಸಿ ಹುಬ್ಬು ಮೇಲೆ ಮಾಡಿದ.

"ಇಲ್ಲ, ಪ್ರಾರ್ಥನೆ ಹೇಳ್ಲಿಲ್ಲ," ಅಂದಳು ಹುಡುಗಿ. "ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಅಜ್ಜ. ಶುರು ಮಾಡ್ಬೇಡ ನೀನು."

ಬಾಯೇ ಬಿಡದವನು ಏನು ಶುರು ಮಾಡ್ತಾನೆ, ಪಾಪ.

ವಿಷಯ ಏನಂದ್ರೆ, ಬಟ್ಟೆಗೆ ಬಣ್ಣ ಹಾಕೋ ಆ ಮನೆಯಲ್ಲಿ ಗಡಿಯಾರ ಅನ್ನೋದೇ ಇರಲಿಲ್ಲ. ಅಜ್ಜ ಬಟ್ಟೆ ಮುಳುಗಿಸಿ ಗಟ್ಟಿಯಾಗಿ ಪ್ರಾರ್ಥನೆ ಶುರು ಮಾಡ್ತಿದ್ದ, ಅವನ ಅಪ್ಪನೂ ಹಾಗೇ ಮಾಡ್ತಿದ್ದನಂತೆ. ಪ್ರಾರ್ಥನೆ ಮುಗೀತು ಅಂದ್ರೆ ಬಣ್ಣ ಹಿಡೀತು ಅಂತ ಲೆಕ್ಕ, ಎತ್ತೋದೇ. ಮನಸ್ಸಲ್ಲಿ ಹೇಳಿಕೊಂಡ್ರೆ ಆಗಲ್ಲ, ಮನಸ್ಸು ಓಡುತ್ತೆ. ಹುಡುಗಿ ಸಣ್ಣವಳಿದ್ದಾಗ ಒಂದು ದಿನ ಅಜ್ಜ ಅವಳ ಕೈಗೆ ಕೋಲು ಕೊಟ್ಟು ಹೊರಗೆ ಹೋಗಿದ್ದಾಗ, ಪ್ರಾರ್ಥನೆ ಬದಲು ಅಷ್ಟೇ ಹೊತ್ತು ಹದಿಮೂರರ ಮಗ್ಗಿ ಹೇಳಿದ್ದಳು. ಹೆದರಿ ಹೆದರಿ ಎತ್ತಿ ನೋಡಿದ್ರೆ ಅದೇ ಬಣ್ಣ! ಒಂದು ಚೂರೂ ವ್ಯತ್ಯಾಸ ಇಲ್ಲ! ಅವತ್ತಿಂದಲೇ ತಲೆಯಲ್ಲಿ ಏನೋ ಕೊರೆಯೋಕೆ ಶುರುವಾಗಿದ್ದು.

ಹೋದ ವರ್ಷ, ಕಾಲೇಜು ಸೇರಿದ ಮೇಲೆ, ತನಗೆ ದೇವರಲ್ಲಿ ನಂಬಿಕೆ ಇಲ್ಲ ಅಂತ ಅಜ್ಜನಿಗೆ ಹೇಳಿಬಿಟ್ಟಿದ್ದಳು. ಅವನಿಗಿಂತ ಮುಂಚೆ ಅಮ್ಮನಿಗೆ ಹೇಳಿದಾಗ ಅಮ್ಮ, "ಯಾರಾದ್ರೂ ಏನಾದ್ರೂ ಅಂದ್ರಾ ನಿನಗೆ?" ಅಂತ ಹಣೆ ಮುಟ್ಟಿ ನೋಡಿದ್ದಳು. ಗೆಳತಿ, "ಪರೀಕ್ಷೆ ಕೈ ಕೊಡ್ತಾ?" ಅಂದಿದ್ದಳು. ಎಲ್ಲರಿಗೂ ಒಂದು ಗಾಯ ಬೇಕಿತ್ತು. ಗಾಯ ಇರಲಿಲ್ಲ, ಕಾರಣ ಇತ್ತು! ಅದನ್ನ ಯಾರೂ ಕೇಳ್ತಿರಲಿಲ್ಲ. ಅದಕ್ಕೇ ಅಜ್ಜ ಬಣ್ಣದ ಪುಡಿ ಕಲಸ್ತಾ ಕೂತಿದ್ದಾಗ ಎದುರಿಗೆ ಕೂತು ಒಂದೇ ಉಸಿರಲ್ಲಿ ಹೇಳಿದ್ದಳು. ಮಗ್ಗಿ ಕಥೆ ಹೇಳಿದಳು. ಎದುರು ಅಂಗಡಿಯ ಛತ್ರಿಯವನು ಮಳೆ ಬರಲಿ ಅಂತ ಬೇಡ್ಕೋತಾನೆ, ನೀನು ಬಟ್ಟೆ ಒಣಗೋಕೆ ಬಿಸಿಲು ಬರಲಿ ಅಂತ ಬೇಡ್ಕೋತೀಯ, ಇಬ್ಬರೂ ಒಳ್ಳೆಯವರೇ, ಹಾಗಾದ್ರೆ ದೇವರು ಯಾರ ಕಡೆ ಅಂದಳು. ಬಣ್ಣ ಚೆನ್ನಾಗಿ ಬಂದ್ರೆ ದೇವರ ದಯೆ, ಕೆಟ್ಟು ಬಂದ್ರೆ ನನ್ನ ಕೈ ಸರಿ ಇಲ್ಲ, ಇದ್ಯಾವ ನ್ಯಾಯ ಅಂದಳು. ಕೊನೆಗೆ ಸ್ವಲ್ಪ ದನಿ ಇಳಿಸಿ, "ನೀವೆಲ್ಲ ಕಣ್ಣು ಮುಚ್ಚಿದಾಗ ನಾನೂ ಮುಚ್ತೀನಿ ಅಜ್ಜ. ಕಿವಿಗೆ ಫೋನ್ ಇಟ್ಕೊಂಡ ಹಾಗಿರುತ್ತೆ, ಆ ಕಡೆ ಯಾರೂ ಎತ್ತೋದೇ ಇಲ್ಲ," ಅಂದಳು.

ಅಜ್ಜ ಕಲಸೋದು ನಿಲ್ಲಿಸಲಿಲ್ಲ. "ಹೂಂ," ಅಂದ. "ಆ ಉಪ್ಪಿನ ಡಬ್ಬ ಈ ಕಡೆ ತಳ್ಳು."

ಅಷ್ಟೇ! ವಾದಕ್ಕೆ ಅಂತ ರಾತ್ರಿಯೆಲ್ಲ ತಯಾರಾಗಿದ್ದಳು ಪಾಪ, ಉಪ್ಪಿನ ಡಬ್ಬ ತಳ್ಳಿ ಎದ್ದು ಬಂದಿದ್ದಳು. ಬೈದಿದ್ರೂ ಪರವಾಗಿರಲಿಲ್ಲ. ಕೇಳಿಸಿಕೊಳ್ಳಲೇ ಇಲ್ವಲ್ಲ ಅನ್ನೋದು ಚುಚ್ತಾ ಇತ್ತು. ಆಮೇಲೆ ಅಜ್ಜ ಪ್ರಾರ್ಥನೆ ಶುರು ಮಾಡಿದ್ರೆ ಸಾಕು, ಇವಳು ಕಿವಿಗೆ ಇಯರ್‌ಫೋನ್ ತುರುಕಿಕೊಳ್ತಿದ್ದಳು.

ಈ ಸಲ ಅವನ ದನಿ ಹೋದಾಗ ಅವಳೇ ಮುಂದೆ ಬಂದಿದ್ದಳು. ಅಜ್ಜನ ಪ್ರಾರ್ಥನೆ ಎಷ್ಟು ಹೊತ್ತು ಆಗುತ್ತೆ ಅಂತ ಕಾಲೇಜು ಸೇರೋ ಮುಂಚೆಯೇ ಕದ್ದು ಅಳೆದು ಫೋನಲ್ಲಿ ಇಟ್ಟುಕೊಂಡಿದ್ದಳು. ಅದೇ ಹೊತ್ತು, ಅದೇ ಪುಡಿ, ಅದೇ ಉಪ್ಪು, ಅದೇ ಬೆಂಕಿ. ದೇವರಿಲ್ಲದೇ ಪರದೆಯ ನೀಲಿ ಬರುತ್ತೆ ಅಂತ ಒಂದೇ ಒಂದು ಸಲ ಅಜ್ಜ ಕಣ್ಣಾರೆ ನೋಡಲಿ, ಆಗಲಾದ್ರೂ ನನ್ನ ಮಾತು ಕಿವಿಗೆ ಬಿದ್ದೀತು ಅಂತ ಅವಳ ಆಸೆ.

ಬಂದಿದ್ದು ತಂಗಿ.

ಪರದೆ ಹೊಲಿದವರು ಕೊಟ್ಟಿದ್ದ ತುಂಡುಗಳನ್ನೆಲ್ಲ ಒಂದೊಂದಾಗಿ ಮುಳುಗಿಸಿದಳು. ಉಪ್ಪು ಹೆಚ್ಚು ಮಾಡಿದಳು, ನೀರು ಬದಲಾಯಿಸಿದಳು, ಉರಿ ಏರಿಸಿದಳು, ಹೊತ್ತು ಮಾತ್ರ ಅದೇ ಇಟ್ಟಳು. ಎಲ್ಲವೂ ತೆಳು. ತುಂಡುಗಳೂ ಮುಗಿದವು. ತೆಳುವಾದದ್ದನ್ನ ಇನ್ನೊಂದು ಸಲ ಮುಳುಗಿಸಿ ಗಟ್ಟಿ ಮಾಡಬಹುದು, ಆದ್ರೆ ಎಷ್ಟು ಹೊತ್ತು? ಒಂದು ಚೂರು ಜಾಸ್ತಿ ಆದ್ರೆ ಮುಗೀತು, ಗಟ್ಟಿಯಾದದ್ದು ಮತ್ತೆ ತಿಳಿಯಾಗಲ್ಲ.

"ನನಗೆ ಒಂದು ಅರ್ಥ ಆಗ್ತಿಲ್ಲ ಅತ್ತೆ," ಅಂತ ಹಂಡೆಯ ಪಕ್ಕ ಕುಕ್ಕರಿಸಿದಳು. "ಅಜ್ಜನ ಪ್ರಾರ್ಥನೆ ಎಷ್ಟು ಹೊತ್ತೋ ಅಷ್ಟೇ ಹೊತ್ತು ಇಟ್ಟಿದ್ದೀನಿ. ಬೇಕಾದ್ರೆ ನೋಡು."

ಅತ್ತೆ ಫೋನ್ ನೋಡಿದಳು. ನಗು ತಡಕೊಂಡಳು. "ಇದು ಹಳೇ ಪ್ರಾರ್ಥನೆ."

"ಹಳೇದು ಅಂದ್ರೆ? ಹೊಸದು ಯಾವಾಗ ಬಂತು?"

"ನೀನು ಕಿವಿ ಮುಚ್ಕೊಂಡಿದ್ರೆ ಹೇಗೆ ಗೊತ್ತಾಗುತ್ತೆ? ಹೋದ ವರ್ಷದಿಂದ ಅಪ್ಪ ಕೊನೇಲಿ ಸೇರಿಸ್ತಾರೆ. ಇಷ್ಟುದ್ದ! ಛತ್ರಿಯವರು ಕೂಡ ಕೇಳಿದ್ರು, ಈಚೆಗೆ ನಿಮ್ಮ ನೀಲಿ ಗಟ್ಟಿಯಾಗಿದೆ, ಪುಡಿ ಬದಲಾಯಿಸಿದ್ರಾ ಅಂತ."

"ಏನು ಸೇರಿಸ್ತಾನೆ?"

ಅತ್ತೆ ತನ್ನ ಅಪ್ಪನ ಕಡೆ ನೋಡಿದಳು. ಅಜ್ಜ ಇದ್ದಕ್ಕಿದ್ದ ಹಾಗೆ ಉಗುರಿನ ಬಣ್ಣ ಕೆರೆಯೋದ್ರಲ್ಲಿ ಬಹಳ ಬಿಜಿಯಾಗಿಬಿಟ್ಟಿದ್ದ.

"ಶುರು ಮಾತ್ರ ಕೇಳಿಸುತ್ತೆ ನನಗೆ. 'ನಮ್ಮ ಹುಡುಗಿ ನಿನ್ನನ್ನ ನಂಬಲ್ಲ ಅಂದಳು, ನೀನು ಮನಸ್ಸಿಗೆ ಹಚ್ಕೋಬೇಡ' ಅಂತ. ಆಮೇಲೆ ಗೊಣ ಗೊಣ ಗೊಣ."

ಹುಡುಗಿ ಎದ್ದಳು. ಅವಳ ಕಿವಿ ಕೆಂಪಗಾಗಿತ್ತು. ಅಜ್ಜನ ಕುರ್ಚಿಯನ್ನ, ಅಜ್ಜನ ಸಮೇತ, ದರದರ ಅಂತ ಹಂಡೆಯ ಹತ್ತಿರಕ್ಕೆ ಎಳೆದಳು.

"ಹಳೇ ಪ್ರಾರ್ಥನೆಯಷ್ಟು ಬಣ್ಣ ಈ ಬಟ್ಟೆಗೆ ಹತ್ತಿದೆ ಅಜ್ಜ. ಸೇರಿಸಿದ್ದು ಮಾತ್ರ ಬಾಕಿ. ಅಷ್ಟನ್ನ ಹೇಳು. ಗಂಟಲು ಬೇಡ, ಬರೀ ತುಟಿ ಆಡಿಸು. ನಿನ್ನ ತುಟಿ ನಿಂತ ತಕ್ಷಣ ಎತ್ತಿಬಿಡ್ತೀನಿ."

ಅಜ್ಜ ಆಗಲ್ಲ ಅಂತ ತಲೆ ಆಡಿಸಿದ. ಹುಡುಗಿಯನ್ನ ತೋರಿಸಿ, ಆ ಕಡೆ ತಿರುಗು ಅಂತ ಬೆರಳಲ್ಲಿ ಸನ್ನೆ ಮಾಡಿದ.

"ನೋಡದೇ ಹೇಗೆ ಎತ್ತಲಿ? ನಾಚ್ಕೋತೀಯಲ್ಲ, ಥೂ! ಪರದೆ ನಾಳಿದ್ದು ಬೇಕು ಅವರಿಗೆ. ಶುರು ಮಾಡು."

ಬಟ್ಟೆ ಮುಳುಗಿತು. ಅಜ್ಜ ಕಣ್ಣು ಮುಚ್ಚಿದ. ತುಟಿ ಆಡೋಕೆ ಶುರುವಾಯ್ತು, ನಿಧಾನವಾಗಿ, ಅವನು ದಿನಾ ಹೇಳೋ ಗತಿಯಲ್ಲೇ. ಹುಡುಗಿ ಬಗ್ಗಿ ನೋಡ್ತಾ ನಿಂತಳು. ಮೊದಲಿಗೆ ಏನೂ ತಿಳೀಲಿಲ್ಲ. ಆಮೇಲೆ ತುಟಿಗಳು ಎರಡು ಸಲ ಪಟ್ ಪಟ್ ಅಂತ ಕೂಡಿದವು. ಬಡಬಡಿ! ಅವಳು ತಡೆಯಿಲ್ಲದೆ ಮಾತಾಡ್ತಾಳೆ ಅಂತ ಅಜ್ಜ ಇಟ್ಟಿದ್ದ ಹೆಸರು ಅದು, ಇನ್ಯಾರೂ ಹಾಗೆ ಕರೆಯಲ್ಲ. ದನಿ ಇಲ್ಲದ್ದಕ್ಕೋ ಏನೋ ಅಜ್ಜನ ಕೈಗಳೂ ಮಾತಾಡೋಕೆ ಶುರು ಮಾಡಿದ್ದವು. ಒಂದು ಕೈ ಕೋಲು ಹಿಡಿದ ಹಾಗೆ ಮಾಡ್ತು, ಇನ್ನೊಂದು ಕೈ ಬೆರಳು ಒಂದೊಂದಾಗಿ ಮಡಿಸ್ತಾ ಹೋಯ್ತು. ಮಗ್ಗಿ. ಆಮೇಲೆ ಎರಡು ಕೈಯೂ ತಲೆ ಮೇಲೆ ಹೋಗಿ ಛತ್ರಿ ಬಿಡಿಸಿದವು. ಛತ್ರಿ ಹಾಗೇ ಹಿಡಿದುಕೊಂಡು ಅಜ್ಜ ಮುಖ ಮೇಲೆತ್ತಿ, ಉತ್ತರಕ್ಕೆ ಕಾಯೋ ಹಾಗೆ ತುಟಿ ನಿಲ್ಲಿಸಿದ. ಹುಡುಗಿ ಎತ್ತಲಿಲ್ಲ. ತುಟಿ ಮತ್ತೆ ಆಡಿತು. ತನ್ನ ಬಲಗೈಯನ್ನ ಎಡಗೈಯಿಂದ ಹೊಡೆದು, ಇಲ್ಲ ಇಲ್ಲ, ಅವಳ ಕೈ ಸರಿಯಾಗಿದೆ ಅನ್ನೋ ಹಾಗೆ ಸವರಿದ. ಕೊನೆಗೆ ಹೆಬ್ಬೆರಳು ಕಿವಿಗೆ, ಕಿರುಬೆರಳು ಬಾಯಿಗೆ ಇಟ್ಟುಕೊಂಡ. ಹಾಗೇ ಕೂತ.

ಹಬೆಯಲ್ಲಿ ಹುಡುಗಿಗೆ ಅಜ್ಜನ ಮುಖ ಸರಿಯಾಗಿ ಕಾಣ್ತಿರಲಿಲ್ಲ. ತೋಳಿನಿಂದ ಕಣ್ಣು ಒರೆಸಿಕೊಂಡಳು, ತೋಳಿಗೂ ನೀಲಿ, ಕೆನ್ನೆಗೂ ನೀಲಿ.

ತುಟಿ ನಿಂತಿತು. ಅವಳು ಕೋಲು ಎತ್ತೋಕೆ ಹೋದಳು. ಅಜ್ಜ ಒಂದು ಬೆರಳು ಎತ್ತಿ ತಡಿ ಅಂದ, ಇನ್ನೇನೋ ನೆನಪಾದವನ ಹಾಗೆ ಮತ್ತೆ ತುಟಿ ತೆರೆದ.

"ಅಜ್ಜಾ! ಹೊಸದಾಗಿ ಸೇರಿಸ್ಬೇಡ, ಕಪ್ಪಾಗುತ್ತೆ!"

ಅಜ್ಜನ ಭುಜ ಕುಣಿಯಿತು. ನಗು, ಸದ್ದೇ ಇಲ್ಲದ ನಗು. ಅತ್ತೆ, "ನಗಬೇಡಿ ಅಪ್ಪಾ, ಗಂಟಲು!" ಅಂತ ಕೂಗ್ತಾ ತಾನೇ ನಕ್ಕಳು. ಹುಡುಗಿ ಬಟ್ಟೆ ಎತ್ತಿದಳು. ಅತ್ತೆ ಎಡಗಡೆ ಪರದೆಯ ತುದಿ ನೆನೆಸಿ ಪಕ್ಕಕ್ಕೆ ಹಿಡಿದಳು, ಕಿಟಕಿಯ ಹತ್ತಿರ ಒಯ್ದು ಹಿಡಿದಳು, ಆಮೇಲೆ ಎರಡನ್ನೂ ಅದಲು ಬದಲು ಮಾಡಿ, "ಈಗ ಯಾವುದು ಯಾವುದು ಅಂತ ನನಗೇ ಗೊತ್ತಿಲ್ಲ," ಅಂದಳು.

"ನಾನು ಇನ್ನೂ ನಂಬಲ್ಲ, ಗೊತ್ತಾಯ್ತಾ?" ಅಂದಳು ಹುಡುಗಿ ಅಜ್ಜನಿಗೆ.

ಅಜ್ಜ ಮೇಲೆ ತೋರಿಸಿದ, ತನ್ನ ಎದೆ ತೋರಿಸಿದ, ಆಮೇಲೆ ಅವಳ ಕಡೆ ಕೈ ಬೀಸಿದ. ಅದು ನಮ್ಮಿಬ್ಬರ ಮಾತು, ಮಧ್ಯದಲ್ಲಿ ನಿನಗೇನು ಕೆಲಸ ಅಂತ.

ಬಟ್ಟೆ ನೀರು ಕುಡಿದು ಮಣಭಾರ ಆಗಿತ್ತು. ಅಜ್ಜ ಕುರ್ಚಿಯಿಂದ ಎದ್ದು, ಅತ್ತೆ ಬೇಡ ಬೇಡ ಅಂದ್ರೂ, ಒಂದು ತುದಿ ಹಿಡಿದ. ಹುಡುಗಿ ಇನ್ನೊಂದು ತುದಿ ಹಿಡಿದು ಅಂಗಳದ ಆ ಕೊನೆಯವರೆಗೂ ಹಿಂದಕ್ಕೆ ಹೋದಳು. ಅವನು ಬಲಕ್ಕೆ ತಿರುಚಿದ, ಅವಳು ಎಡಕ್ಕೆ ತಿರುಚಿದಳು. ಬಟ್ಟೆ ಹಗ್ಗದ ಹಾಗೆ ಬಿಗಿಯಾಗ್ತಾ ಹೋಯ್ತು. ನೀಲಿ ನೀರು ಇಬ್ಬರ ನಡುವೆ ಕಲ್ಲಿನ ಮೇಲೆ ಸುರಿಯುತ್ತಲೇ ಇತ್ತು.