ಒಂದೇ ಕಂಪ್ಯೂಟರಿಗೆ ಇಬ್ಬರು

ಪೇಚ್ಚಿಯಮ್ಮಾಳ್ ದ್ರಾಕ್ಷಿ ಗೊಂಚಲನ್ನು ಎತ್ತಿ ಹಿಡಿದು, ಒಡೆದ ಹಣ್ಣುಗಳನ್ನು ಸಣ್ಣ ಕತ್ತರಿಯಿಂದ ತೆಗೆಯುತ್ತಿದ್ದಳು. ಎದುರಿಗೆ ಮೊಮ್ಮಗಳು ನಿವೇತಾ ಅದೇ ಕೆಲಸ ಮಾಡುತ್ತಿದ್ದಳು. ಇಬ್ಬರೂ ಮಾತಾಡಲಿಲ್ಲ. ಬೆಳಗಿನ ಕಾಫಿಯೂ ಹಾಗೆಯೇ ಮುಗಿದಿತ್ತು.

ಹಿಂದಿನ ಸಂಜೆ ಪಕ್ಕದ ಮನೆಯ ಪಾಂಡೀಶ್ವರಿ ಸುದ್ದಿ ತಂದಿದ್ದಳು. ಡಿಗ್ರಿ ಮುಗಿಸಿದ ನಿವೇತಾ ತೇನಿಯಲ್ಲಿ ಸಾಫ್ಟ್‌ವೇರ್ ತರಬೇತಿಗೆ ಹೋಗುತ್ತಾಳಲ್ಲ, ಅಲ್ಲಿ ಹುಡುಗ ಹುಡುಗಿಯರನ್ನು ಜೋಡಿಯಾಗಿ ಒಂದೇ ಕಂಪ್ಯೂಟರಿನ ಮುಂದೆ ಕೂರಿಸುತ್ತಾರಂತೆ. ಕೇಳಿದ್ದೇ ಅಜ್ಜಿ, ಇನ್ನು ತರಬೇತಿಗೆ ಹೋಗುವುದು ಬೇಡ ಎಂದಿದ್ದಳು.

ಕೊನೆಗೆ ನಿವೇತಾಳೇ ಬಾಯಿ ಬಿಟ್ಟಳು. “ಅವ್ವಾ, ಮುಂದಿನ ವಾರ ಕೆಲ್ಸಕ್ಕೆ ಆರಿಸಾಕೆ ಕಂಪನಿಯವ್ರು ಬತ್ತಾರೆ. ಈಗ ನಿಲ್ಸಿದ್ರೆ ನನ್ನ ಕರೆಯಲ್ಲ. ಒಬ್ರು ಪ್ರೋಗ್ರಾಂ ಬರೀತಾರೆ, ಇನ್ನೊಬ್ರು ತಪ್ಪು ನೋಡ್ತಾರೆ, ಆಮೇಲೆ ಜಾಗ ಬದ್ಲಾಯಿಸಿ ಕೂರ್ತಾರೆ. ಕಂಪನೀಲೂ ಅಂಗೇ.”

“ತಪ್ಪು ನೋಡಾಕೆ ನಂಗೂ ಬತ್ತದೆ. ನಾಳೆ ನಾನೂ ಬತ್ತೀನಿ.”

“ಎಲ್ಲಾ ನಗ್ತಾರೆ ಅವ್ವಾ!”

“ನಗ್ಲಿ. ನಾ ನೋಡಿ ಸರಿ ಅಂದ್ರೆ ಹೋಗು. ಇಲ್ದಿದ್ರೆ ಇಲ್ಲ.”

ಮರುದಿನ ತರಬೇತಿ ಕೊಡುವ ಜೀವಾ ನಗುತ್ತಲೇ ಅಜ್ಜಿಗೆ ಹಿಂದಿನ ಸಾಲಿನಲ್ಲಿ ಕುರ್ಚಿ ಹಾಕಿಸಿದಳು. ನಿವೇತಾಳ ಜೋಡಿ ಆಂಡಿಪಟ್ಟಿಯ ಲೋಗೇಶ್. ಪೇಚ್ಚಿಯಮ್ಮಾಳ್ ಆ ಇಬ್ಬರ ಮೊಣಕೈ ನೋಡಿದಳು, ಕುರ್ಚಿಗಳ ನಡುವಿನ ಜಾಗ ನೋಡಿದಳು. ಬೆರಳಿಟ್ಟು ತೋರಿಸುವಂಥದ್ದು ಏನೂ ಸಿಗಲಿಲ್ಲ.

ಸಿಕ್ಕಿದ್ದು ಬೇರೆಯೇ. ಕೀಬೋರ್ಡಿನ ಮೇಲಿಂದ ಲೋಗೇಶನ ಕೈ ಏಳಲೇ ಇಲ್ಲ. ನಿವೇತಾ ಪರದೆಯ ಮೇಲೆ ತಪ್ಪು ತೋರಿಸಿದರೆ ಅವನು “ಇರು, ಇರು” ಎಂದು ತಾನೇ ತಿದ್ದುತ್ತಿದ್ದ. ಅವಳು ಕೈ ಚಾಚುವಳು, ಮತ್ತೆ ಮಡಿಲಿಗೆ ಎಳೆದುಕೊಳ್ಳುವಳು. ಮನೆಯಲ್ಲಿ ಮಾತಿಗೆ ಮಾತು ಕೊಡುವ ಹುಡುಗಿ ಇವಳೇನಾ?

ಊಟದ ಹೊತ್ತಿಗೆ ಅಜ್ಜಿ ಮೆಲ್ಲಗೆ ಕೇಳಿದಳು. “ನೀ ಯಾವಾಗ ಬರ್ಯೋದು ಪಾಪಾ?”

“ಅವ್ನು ಬೇಗ ಬರೀತಾನೆ ಅವ್ವಾ.”

“ನಿಂಗೆ ಬರಲ್ವಾ?”

“ಬತ್ತದೆ.” ನಿವೇತಾ ಮೊಸರನ್ನವನ್ನು ಸುಮ್ಮನೆ ಕಲಸುತ್ತಿದ್ದಳು.

“ಮತ್ತೆ ಕಂಪನಿಯವ್ರು ಬಂದು ನೀನೇ ಬರಿ ಅಂದ್ರೆ?”

ನಿವೇತಾ ಡಬ್ಬಿ ಮುಚ್ಚಿ ಕೈ ತೊಳೆಯಲು ಎದ್ದಳು. ಮೊಮ್ಮಗಳನ್ನು ಕೈಹಿಡಿದು ಮನೆಗೆ ಕರೆದೊಯ್ಯಬೇಕೆಂದೇ ಪೇಚ್ಚಿಯಮ್ಮಾಳ್ ಬೆಳಿಗ್ಗೆ ಬಸ್ಸು ಹತ್ತಿದ್ದಳು; ಈಗ ಹಾಗೆ ಕರೆದೊಯ್ಯಲು ಮನಸ್ಸು ಬರಲಿಲ್ಲ.

ಊಟವಾದ ಮೇಲೆ ಲೋಗೇಶ್ ಮತ್ತೆ ಕೀಬೋರ್ಡನ್ನು ತನ್ನತ್ತ ಎಳೆದುಕೊಂಡ. ಪೇಚ್ಚಿಯಮ್ಮಾಳ್ ಮಂಡಿ ಹಿಡಿದು ಎದ್ದಳು, ಸಾಲುಗಳ ನಡುವೆ ನಡೆದು ಅವರ ಹಿಂದೆ ನಿಂತಳು. ಎಲ್ಲರೂ ತಿರುಗಿದರು. ಜೀವಾ ಪಾಠ ನಿಲ್ಲಿಸಿದಳು. ಇನ್ನೇನು ಬೈಗುಳ ಬರುತ್ತದೆಂದು ನಿವೇತಾ ಕಣ್ಣು ಮುಚ್ಚಿಕೊಂಡಳು.

“ತಂಬಿ, ಸ್ವಲ್ಪ ಹೊತ್ತು ಅವಳ ಕೈಗೂ ಕೊಡಪ್ಪಾ.”

ಲೋಗೇಶ್ ಕೀಬೋರ್ಡನ್ನು ಪಕ್ಕಕ್ಕೆ ಸರಿಸಿದ; ನಿವೇತಾ ಕಣ್ಣು ತೆರೆದು ಅದರ ಮೇಲೆ ಕೈಯಿಟ್ಟಳು.