ಗಿಣಿಯಕ್ಕನ ಇಂಗ್ಲಿಷ್

ಯಾರೇ ಇಂಗ್ಲಿಷಿನಲ್ಲಿ ಮಾತಾಡಲಿ, ಆ ಮಾತು ಪೂರ್ತಿ ಹೊರಬೀಳುವ ಮುನ್ನವೇ ಅದರ ಬಾಲ ಹಿಡಿದು ಹೊರಡುತ್ತಿದ್ದವು ಆಕೆಯ ತುಟಿಗಳು. ರೇಡಿಯೋದ ವಾರ್ತಾವಾಚಕನಿರಲಿ, ಹಡಗಿನ ಕಪ್ತಾನನಿರಲಿ, ಒಂದೆರಡು ಪದ ಹಿಂದೆ ಬಿದ್ದು, ಅದೇ ಏರಿಳಿತದಲ್ಲಿ, ಅದೇ ಲಯದಲ್ಲಿ ಗುನುಗುತ್ತ ಹೋಗುವುದು ಆಕೆಯ ವ್ರತ. ಬಂದರಿನಲ್ಲಿ ಕ್ರೇನ್ ನಡೆಸುತ್ತಿದ್ದ ಈ ಹೆಂಗಸಿಗೆ ಜೊತೆಗಾರರು ಗಿಣಿಯಕ್ಕ ಎಂದು ಹೆಸರಿಟ್ಟದ್ದರಲ್ಲಿ ತಪ್ಪೇನಿಲ್ಲ. ದೊಗಲೆ ಕೋಟು, ತೋಳು ಬೀಸುವ ನಡಿಗೆ, ಸದಾ ಅಲುಗುವ ತುಟಿ. ದೂರದಿಂದ ಕಂಡವರು ಯಾರೊಂದಿಗೋ ಜಗಳಕ್ಕೆ ಹೊರಟಿದ್ದಾಳೆಂದೇ ಭಾವಿಸಬೇಕು!

ಆಕೆಯ ಹಂಬಲ ಒಂದೇ: ನಿಯಂತ್ರಣ ಕೊಠಡಿಯಲ್ಲಿ ಕೂತು ದೇಶದೇಶಗಳ ಹಡಗುಗಳೊಂದಿಗೆ ತಾನೇ ಮಾತಾಡಬೇಕು. ಅದಕ್ಕೆ ಪರೀಕ್ಷೆಯಿತ್ತು, ಕೇಳಿಸಿದ ಇಂಗ್ಲಿಷ್ ಸಂದೇಶವನ್ನು ಚೊಕ್ಕವಾಗಿ ಬರೆಯಬೇಕು. ಬರವಣಿಗೆಗೆ ಆಕೆ ಹಿಡಿದ ಗುರುವೋ, ಇಂಗ್ಲಿಷಿನ ಗಂಧಗಾಳಿಯಿಲ್ಲದ ಅತ್ತೆ! ಸಂಜೆ ಸೊಸೆ ದಿನದ ಕೆಲಸವನ್ನೆಲ್ಲ ಇಂಗ್ಲಿಷಿನಲ್ಲಿ ಬರೆದು ಗಟ್ಟಿಯಾಗಿ ಓದುವಳು, ಅತ್ತೆ ಬಟಾಣಿ ಸುಲಿಯುತ್ತ ಕೇಳುವರು.

"ನಿಲ್ಸು, ಇಲ್ಲಿ ನಿನಗೆ ಉಸಿರು ಸಾಲಲಿಲ್ಲ ಕಣೇ. ಅದನ್ನ ಎರಡು ಮಾಡು."

ಸೊಸೆ ವಾಕ್ಯವನ್ನು ಮುರಿದು ಬರೆಯುವಳು. ಎಂಥ ಸೊಗಸಾದ ಪಾಠ ಅದು!

ಪರೀಕ್ಷೆಯ ದಿನ ಎಡವಟ್ಟಾಯಿತು. ಧ್ವನಿಮುದ್ರಿಕೆ ಶುರುವಾದದ್ದೇ ತಡ, ಗಿಣಿಯಕ್ಕನ ಬಾಯಿಯೂ ಶುರು. ಮುಂದಿನ ಸಾಲಿನವನಂತೂ ಮುದ್ರಿಕೆಯನ್ನು ಬಿಟ್ಟು ಆಕೆಯನ್ನೇ ಕೇಳಿ ಬರೆಯತೊಡಗಿದ. ಪರೀಕ್ಷಕರು ಧಾವಿಸಿ ಬಂದರು.

"ಬಾಯಿ ಮುಚ್ಕೊಂಡು ಬರೀರಿ, ಇಲ್ಲಾಂದ್ರೆ ಎದ್ದು ಹೋಗಿ."

"ಬಾಯಿ ಮುಚ್ಚಿದ್ರೆ ನನ್ನ ಕಿವಿನೂ ಮುಚ್ಚಿಹೋಗುತ್ತೆ ಸಾರ್!"

ಕ್ರೇನಿನ ಕಟ್ಟಳೆಯೇ ಹಾಗೆ. ಕೆಳಗಿನವನು ಹೇಳಿದ್ದನ್ನು ತಿರುಗಿ ಹೇಳದೆ ಸರಕು ಎತ್ತುವಂತಿಲ್ಲ. ವರ್ಷಗಟ್ಟಲೆ ಮೈಗಂಟಿದ ಅಭ್ಯಾಸ ಒಂದು ಗದರಿಕೆಗೆ ಬಿಟ್ಟೀತೆ? ಆಕೆಯನ್ನು ಹೊರಗೆ ಕಳಿಸಿದರು. ಆಕೆಯೋ ಬಾಗಿಲು ಬಿಟ್ಟು ಕದಲಲಿಲ್ಲ. ಕೊನೆಗೆ ಎಲ್ಲರೂ ಹೋದ ಮೇಲೆ ಪರೀಕ್ಷಕರೇ ಸೋತು, ಒಳಗೆ ಕರೆದು, ಆಕೆಯೊಬ್ಬಳಿಗೇ ಬೇರೊಂದು ಮುದ್ರಿಕೆ ಹಾಕಿದರು. ಗಾಳಿಯ ಮೊರೆತ, ಅಪರಿಚಿತ ಉಚ್ಚಾರ. ಗಿಣಿಯಕ್ಕ ಉತ್ಸಾಹದಿಂದ ಗುನುಗುತ್ತ ಬರೆದಳು. ಒಂದೆಡೆ ಪದವೊಂದು ಗಾಳಿಯಲ್ಲಿ ಕಳೆದುಹೋಗಿ ತುಟಿ ನಿಂತಿತು, ಕೈಯೂ ನಿಂತಿತು.

"ಊಹಿಸಿ ಬರೀಬಹುದಿತ್ತಲ್ಲ?" ಎಂದರು ಪರೀಕ್ಷಕರು.

"ಊಹಿಸಿದ್ರೆ ಹಡಗು ಬಂಡೆಗೆ ಗುದ್ದುತ್ತೆ ಸಾರ್. ಇನ್ನೊಂದ್ಸಲ ಹಾಕಿ."

ಅವರು ನಕ್ಕರು, ಮತ್ತೆ ಹಾಕಿದರು. ಈ ಸಲ ಆ ಪದವೂ ತುಟಿಗೆ ಸಿಕ್ಕಿತು, ಹಾಳೆಗೂ ಇಳಿಯಿತು. ನಿಯಂತ್ರಣ ಕೊಠಡಿಯ ಕುರ್ಚಿ ಆಕೆಯದಾಯಿತು.

ಅರ್ಥವಾಗದಿದ್ದರೂ ತಲೆಯಾಡಿಸಿಬಿಡುವ ನಮ್ಮಂಥವರೇ ತುಂಬಿರುವ ಈ ಲೋಕದಲ್ಲಿ, ಇನ್ನೊಮ್ಮೆ ಹೇಳಿ ಎನ್ನಲು ನಾಚದ ಜನರೂ ಅಲ್ಲಲ್ಲಿ ಇದ್ದಾರೆ. ಕಂಡರಿಯದ ದಡವನ್ನು ಹಡಗುಗಳು ಕ್ಷೇಮವಾಗಿ ಸೇರುವುದು ಅವರನ್ನು ನಂಬಿಯೇ.